ಪಂಕ್ಚರ್ ಹಾಕಿಸಿದ ಮೇಲೆ ನಿಂತ ಮೋಟಾರು: ದಾವಣಗೆರೆಯ ಒಂದು ಎಲೆಕ್ಟ್ರಿಕ್ ಸೈಕಲ್ ಪ್ರಕರಣ

ದಾವಣಗೆರೆಯ ವಿದ್ಯಾನಗರದ ಕಡೆ ಸಂಜೆ ಹೊತ್ತು ಮಂಡಕ್ಕಿ-ಮಿರ್ಚಿ ಗಾಡಿ ಹಾಕುವವರೊಬ್ಬರ ಸೈಕಲ್ ಇದು. ಬೆಳಗ್ಗೆ ಭಟ್ಟಿಯಿಂದ ಮಂಡಕ್ಕಿ ಚೀಲ, ಮಧ್ಯಾಹ್ನ ಮಾರ್ಕೆಟ್ಟಿನಿಂದ ಕಡ್ಲೆಹಿಟ್ಟು, ಮೆಣಸಿನಕಾಯಿ, ಎರಡು ದಿನಕ್ಕೊಮ್ಮೆ 15 ಕೆ.ಜಿ.ಯ ಎಣ್ಣೆ ಡಬ್ಬಿ, ಎಲ್ಲವೂ ಇದರ ಕ್ಯಾರಿಯರ್ ಮೇಲೆಯೇ ಬರುತ್ತವೆ. ದಿನಕ್ಕೆ ಸುಮಾರು 22 ಕಿ.ಮೀ. ಓಟ. ಸೈಕಲ್ಲಿಗೆ 14 ತಿಂಗಳಾಗಿತ್ತು. ಮೀಟರಿನಲ್ಲಿ 6,200 ಕಿ.ಮೀ. ದಾಟಿತ್ತು.

ಇದರ ಜಾತಕ ಇಷ್ಟು: ಉಕ್ಕಿನ ಫ್ರೇಮು, 26 ಇಂಚಿನ ಚಕ್ರ, ಹಿಂದಿನ ಹಬ್ಬಿನಲ್ಲಿ 250 ವ್ಯಾಟಿನ ಗೇರ್ ಮೋಟಾರು, 36 ವೋಲ್ಟ್ 7.8 ಆಂಪಿಯರ್-ಅವರ್ ಲಿಥಿಯಂ ಬ್ಯಾಟರಿ, ಎರಡೂ ಚಕ್ರಕ್ಕೆ ಕೇಬಲ್ಲಿನಿಂದ ಎಳೆಯುವ 160 ಮಿ.ಮೀ. ಡಿಸ್ಕ್ ಬ್ರೇಕು.

ದೂರು ಎರಡು ಹಂತದಲ್ಲಿ ಬಂತು. ಮೊದಲು, "ಹಂಪ್ ಎಗರಿಸಿದ ಕೂಡ್ಲೆ ಮೋಟ್ರು ಆಫ್ ಆಗ್ತೈತ್ರಿ, ಸ್ವಲ್ಪ ತಳ್ಳಿದ್ರ ಮತ್ತೆ ಎಳೀತೈತ್ರಿ." ಜೂನ್ ತಿಂಗಳ ಒಂದು ಮಳೆಯಲ್ಲಿ ನೆನೆದು ಬಂದ ಮರುದಿನ, ಪೆಡಲ್ ತುಳಿದರೆ ಹಿಂದಿನ ಚಕ್ರ ಗಡಗಡ ನಡುಗುತ್ತಿತ್ತೇ ಹೊರತು ಮುಂದಕ್ಕೆ ಎಳೆಯುತ್ತಿರಲಿಲ್ಲ. ಅಷ್ಟರಲ್ಲಿ ಯಾರೋ ಬ್ಯಾಟರಿ ಹೋಗಿದೆ, ಬದಲಾಯಿಸಿ ಎಂದು ಹೇಳಿಯೂ ಆಗಿತ್ತು. ಸೈಕಲ್ಲಿನಲ್ಲಿ ಎಲ್ಲಕ್ಕಿಂತ ದುಬಾರಿ ಭಾಗವೇ ಬ್ಯಾಟರಿ. ಮೀಟರ್ ಹಿಡಿಯದೆ ಯಾರೂ ಬ್ಯಾಟರಿಯ ಮೇಲೆ ತಪ್ಪು ಹೊರಿಸಬಾರದು.

ಒಂದು ಪ್ರಶ್ನೆ ಕೇಳಿದಾಗ ಪ್ರಕರಣ ಅರ್ಧ ಬಿಚ್ಚಿಕೊಂಡಿತು: ಈಚೆಗೆ ಹಿಂದಿನ ಚಕ್ರ ಬಿಚ್ಚಿಸಿದ್ದಿರಾ? ಹೌದು, ಹದಿನಾರು ದಿನದ ಹಿಂದೆ ಜಾಲಿ ಮುಳ್ಳು ಚುಚ್ಚಿ ಪಂಕ್ಚರ್ ಆಗಿತ್ತು. ರಸ್ತೆ ಬದಿಯ ಅಂಗಡಿಯಲ್ಲಿ ಚಕ್ರ ಬಿಚ್ಚಿ ಪ್ಯಾಚ್ ಹಾಕಿದ್ದರು. ಅಲ್ಲಿಂದೀಚೆಗೆ 350 ಕಿ.ಮೀ. ಓಡಿತ್ತು.

ಬ್ಯಾಟರಿ ಅಲ್ಲ, ಬ್ರೇಕ್ ಸ್ವಿಚ್ಚೂ ಅಲ್ಲ

ಹಂಪಿನ ಮೇಲೆ ನಿಲ್ಲುವ ಮೋಟಾರಿಗೆ ಸಾಮಾನ್ಯ ಕಾರಣ ಬ್ಯಾಟರಿ ಕೂರುವ ತಟ್ಟೆಯ ಪಿನ್ನುಗಳು. ಬೀಗ ಸಡಿಲವಾದರೆ ಬ್ಯಾಟರಿ ಕುಲುಕಿ ಪಿನ್ನಿನಲ್ಲಿ ಕಿಡಿ ಹಾರುತ್ತದೆ, ತುದಿ ಕಪ್ಪಾಗುತ್ತದೆ. ಇಲ್ಲಿ ಪಿನ್ನುಗಳು ಹಿತ್ತಾಳೆ ಬಣ್ಣದಲ್ಲೇ ಇದ್ದವು, ಬ್ಯಾಟರಿ ಅಲುಗಾಡುತ್ತಿರಲಿಲ್ಲ. ಇಟ್ಟಲ್ಲೇ ಅಳೆದಾಗ 40.6 ವೋಲ್ಟ್. ಇಟ್ಟಲ್ಲಿ ಬರುವ ಅಂಕಿ ಅರ್ಧ ಸತ್ಯ ಮಾತ್ರ. ಭಾರ ಬಿದ್ದಾಗ ಎಷ್ಟು ಕುಸಿಯುತ್ತದೆ ಎಂಬುದು ಮುಖ್ಯ. ಅದೇ ಮಾದರಿಯ ಇನ್ನೊಂದು ಸೈಕಲ್ಲಿಗೆ ಈ ಬ್ಯಾಟರಿ ಹಾಕಿ ಏರಿನಲ್ಲಿ ಓಡಿಸಿದಾಗ 38.8ಕ್ಕೆ ಇಳಿಯಿತು, ಏರು ಮುಗಿದ ಕೂಡಲೇ 40 ದಾಟಿತು. ಮೋಟಾರಿಗೆ ಕರೆಂಟು ಹಂಚುವ ಕಂಟ್ರೋಲರ್ ಮೋಟಾರನ್ನು ನಿಲ್ಲಿಸಿಬಿಡುವುದು ಸುಮಾರು 31 ವೋಲ್ಟಿಗೆ. ಬ್ಯಾಟರಿ ಗಟ್ಟಿಯಾಗಿತ್ತು.

ಮುಂದಿನ ಅನುಮಾನ ಬ್ರೇಕ್ ಹಿಡಿಯಲ್ಲಿರುವ ಸ್ವಿಚ್ಚು. ಬ್ರೇಕ್ ಹಿಡಿದಾಗ ಮೋಟಾರು ನಿಲ್ಲಿಸುವುದು ಅದರ ಕೆಲಸ. ಅದು ಸಿಕ್ಕಿಕೊಂಡರೆ ಬ್ರೇಕ್ ಹಿಡಿಯದಿದ್ದರೂ ಮೋಟಾರು ನಿಂತಿರುತ್ತದೆ. ಎಡಗಡೆಯ ಪ್ಲಗ್ ಕಳಚಿ ನೋಡಿದರೂ, ಬಲಗಡೆಯದು ಕಳಚಿ ನೋಡಿದರೂ ನಡುಕ ಹಾಗೇ ಇತ್ತು. ಬರೀ ಸ್ವಿಚ್ಚಿನ ತೊಂದರೆಯಾಗಿದ್ದರೆ ಚಕ್ರ ನಡುಗುತ್ತಲೂ ಇರಲಿಲ್ಲ, ಸುಮ್ಮನಿರುತ್ತಿತ್ತು. ಚಕ್ರ ನಡುಗುತ್ತದೆ ಎಂದರೆ ಮೋಟಾರಿಗೆ ಕರೆಂಟು ಹೋಗುತ್ತಿದೆ, ಆದರೆ ಯಾವ ಸುರುಳಿಗೆ ಯಾವಾಗ ಕೊಡಬೇಕು ಎಂಬುದು ಕಂಟ್ರೋಲರಿಗೆ ತಿಳಿಯುತ್ತಿಲ್ಲ. ಅಂದರೆ ಅನುಮಾನ ಹಾಲ್ ಸೆನ್ಸರಿನ ತಂತಿಯ ಮೇಲೆ; ಮೋಟಾರು ಎಲ್ಲಿಗೆ ತಿರುಗಿದೆ ಎಂದು ಕಂಟ್ರೋಲರಿಗೆ ಹೇಳುವುದು ಆ ಸೆನ್ಸರ್.

ಸೀಳಿನ ಅಂಚಿನ ಹೊಳಪು

ಸೈಕಲ್ಲನ್ನು ತಲೆಕೆಳಗು ಮಾಡಿ, ಹಿಂದಿನ ಆಕ್ಸಲಿನ ಎಡ ನಟ್ಟನ್ನು ಬೆರಳಲ್ಲಿ ತಿರುಗಿಸಿದರೆ ತಿರುಗಿತು. ಬಲಗಡೆಯದಕ್ಕೆ ಪಾನಾ ಬೇಕಾಯಿತು, ಆದರೆ ಅದೂ ಬಿಗಿಯಾಗಿರಲಿಲ್ಲ. ನಟ್ಟು ತೆಗೆದು ನೋಡಿದಾಗ, ಆಕ್ಸಲ್ ಕೂರುವ ಫ್ರೇಮಿನ ಸೀಳಿನ ಎದುರುಬದುರು ಎರಡು ಅಂಚುಗಳಲ್ಲಿ ಬಣ್ಣ ಕಿತ್ತು, ಕಬ್ಬಿಣ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಅಲ್ಲಿ ಅಕ್ಕಿಕಾಳಿನಷ್ಟು ತಗ್ಗು. ಆಕ್ಸಲ್ ಕೂತಲ್ಲಿ ಕೂತಿರದೆ ತಿರುಗಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಇದು ಯಾಕಾಗುತ್ತದೆ ಎಂಬುದನ್ನು ಇಂಥ ಸೈಕಲ್ ಇಟ್ಟುಕೊಂಡ ಪ್ರತಿಯೊಬ್ಬರೂ ತಿಳಿದಿರಬೇಕು. ಸಾದಾ ಸೈಕಲ್ಲಿನ ಹಿಂದಿನ ಆಕ್ಸಲ್ ಬರೀ ಭಾರ ಹೊರುತ್ತದೆ. ಅದನ್ನು ತಿರುಗಿಸುವ ಬಲ ಯಾವುದೂ ಇಲ್ಲ. ಹಬ್ ಮೋಟಾರಿನಲ್ಲಿ ಹಾಗಲ್ಲ. ಇಲ್ಲಿ ಆಕ್ಸಲ್ಲೇ ಮೋಟಾರಿನ ನಿಂತ ಭಾಗ, ಹೊರಗಿನ ಡಬ್ಬಿ ತಿರುಗುವ ಭಾಗ. ಚಕ್ರವನ್ನು ಮುಂದಕ್ಕೆ ಎಷ್ಟು ಬಲದಿಂದ ತಿರುಗಿಸುತ್ತದೋ ಆಕ್ಸಲ್ಲನ್ನು ಅಷ್ಟೇ ಬಲದಿಂದ ಹಿಂದಕ್ಕೆ ತಿರುಚುತ್ತದೆ. 250 ವ್ಯಾಟಿನ ಗೇರ್ ಮೋಟಾರಿನಲ್ಲಿ ಈ ತಿರುಚು ಬಲ 30–40 ನ್ಯೂಟನ್-ಮೀಟರ್ ಮುಟ್ಟುತ್ತದೆ. ಅದನ್ನು ತಡೆಯುವುದು ಆಕ್ಸಲಿನ ಎರಡು ಚಪ್ಪಟೆ ಮೈ, 10 ಮಿ.ಮೀ. ಅಗಲದ ಸೀಳಿನಲ್ಲಿ ಕೂತು. ಅಷ್ಟು ಸಣ್ಣ ಜಾಗದಲ್ಲಿ ಅಷ್ಟು ತಿರುಚು ಬಿದ್ದರೆ ಸೀಳಿನ ಅಂಚಿಗೆ ನೂರಾರು ಕಿಲೋ ಒತ್ತಡ. ನಟ್ಟು ಬಿಗಿಯಾಗಿದ್ದರೆ ಆ ಬಲವನ್ನು ಫ್ರೇಮಿನ ಎರಡೂ ಮೈಯ ಹಿಡಿತ ಹಂಚಿಕೊಳ್ಳುತ್ತದೆ. ನಟ್ಟು ಸಡಿಲವಾದರೆ ಪ್ರತಿ ಸಲ ಮೋಟಾರು ಎಳೆದಾಗಲೂ ಆಕ್ಸಲ್ ಸೀಳನ್ನು ಸ್ವಲ್ಪ ಸ್ವಲ್ಪವೇ ಕೊರೆಯುತ್ತದೆ.

ಇದಕ್ಕೆಂದೇ ಕಂಪನಿಯವರು ನಾಲಿಗೆ ಇರುವ ವಾಷರ್ ಕೊಟ್ಟಿರುತ್ತಾರೆ. ಅದರ ಒಳತೂತು ದುಂಡಗಿರದೆ ಆಕ್ಸಲಿನ ಆಕಾರಕ್ಕೆ ಸರಿಯಾಗಿ ಚಪ್ಪಟೆ. ಮಡಚಿದ ನಾಲಿಗೆ ಫ್ರೇಮಿನ ಸೀಳಿನೊಳಗೆ ಇಳಿಯಬೇಕು. ಇಲ್ಲಿ ಬಲಗಡೆ ಅದನ್ನು ಹಿಂದುಮುಂದಾಗಿ ಹಾಕಿದ್ದರು. ನಾಲಿಗೆ ಹೊರಗೆ ಚಾಚಿತ್ತು, ನಟ್ಟು ಆ ನಾಲಿಗೆಯ ಮೇಲೇ ಕೂತಿತ್ತು. ಹಾಗೆ ಕೂತ ನಟ್ಟು ಬಿಗಿಸುವಾಗ ಕೈಗೆ ಗಟ್ಟಿ ಅನಿಸುತ್ತದೆ, ಯಾಕೆಂದರೆ ವಾಷರ್ ಓರೆಯಾಗಿ ಒತ್ತಿಕೊಳ್ಳುತ್ತದೆ. ನಾಲ್ಕು ದಿನ ಓಡಿದ ಮೇಲೆ ನಾಲಿಗೆ ಬಾಗುತ್ತದೆ, ಬಿಗಿ ಮಾಯವಾಗುತ್ತದೆ. ಎಡಗಡೆ ಆ ವಾಷರೇ ಇರಲಿಲ್ಲ, ಸಾದಾ ದುಂಡು ವಾಷರ್ ಹಾಕಿದ್ದರು. ಪಂಕ್ಚರ್ ಹಾಕಿದವರಿಗೆ ಕೆಟ್ಟ ಉದ್ದೇಶವೇನೂ ಇರಲಿಲ್ಲ. ಸಾದಾ ಸೈಕಲ್ಲಿಗೆ ಆ ಬಿಗಿ, ಆ ವಾಷರ್ ಸಾಕಾಗುತ್ತಿತ್ತು.

ಆಕ್ಸಲ್ ತಿರುಗಿದಾಗ ಕೇಬಲ್ಲೂ ತಿರುಗಿತು. ಮೋಟಾರಿನ ಕೇಬಲ್ ಆಕ್ಸಲಿನ ತುದಿಯ ತೂತಿನಿಂದಲೇ ಹೊರಬರುತ್ತದೆ. ಅದರಲ್ಲಿ ಒಂಬತ್ತು ತಂತಿ: ಮೂರು ದಪ್ಪ ತಂತಿ ಸುರುಳಿಗಳಿಗೆ, ಐದು ತೆಳು ತಂತಿ ಹಾಲ್ ಸೆನ್ಸರಿಗೆ, ಒಂದು ವೇಗ ತೋರಿಸಲಿಕ್ಕೆ. ಕೇಬಲ್ ತಿರುಚಿಕೊಂಡು, ಆಕ್ಸಲಿನ ಚೂಪು ಅಂಚಿಗೆ ಉಜ್ಜಿ, ಕಪ್ಪು ಹೊದಿಕೆ ಸುಮಾರು 12 ಮಿ.ಮೀ. ಉದ್ದಕ್ಕೆ ಸೀಳಿತ್ತು. ಹಂಪಿನ ಮೇಲೆ ಮೋಟಾರು ನಿಲ್ಲುತ್ತಿದ್ದದ್ದು ಇದಕ್ಕೇ. ಕುಲುಕಿದಾಗ ಒಳಗಿನ ಒಂದು ತಂತಿ ಬಿಟ್ಟು ಬಿಟ್ಟು ಹಿಡಿಯುತ್ತಿತ್ತು.

ಮಳೆ ಉಳಿದ ಕೆಲಸ ಮುಗಿಸಿತು. ಕೇಬಲ್ ಹೊರಡುವ ತೂತು ಯಾವಾಗಲೂ ನೆಲದ ಕಡೆ ಮುಖ ಮಾಡಿರಬೇಕು, ಕೇಬಲ್ ಅಲ್ಲಿಂದ ಕೆಳಗೆ ಜೋತು ಆಮೇಲೆ ಫ್ರೇಮಿಗೆ ಏರಬೇಕು. ಆಗ ನೀರು ಬಳುಕಿನ ತಳದಿಂದ ತೊಟ್ಟಿಕ್ಕಿ ಬೀಳುತ್ತದೆ. ಇಲ್ಲಿ ಆಕ್ಸಲ್ ತಿರುಗಿ ತೂತು ನೆಲದ ಕಡೆಯಿಂದ ಸರಿದಿತ್ತು. ಸೀಳಿದ ಹೊದಿಕೆಯಿಂದ ನೀರು ನೇರ ಒಳಗೆ. ಒಂಬತ್ತು ಪಿನ್ನಿನ ಪ್ಲಗ್ ಕಳಚಿದಾಗ ಮೂರು ಪಿನ್ನುಗಳ ಬುಡದಲ್ಲಿ ಹಸಿರು ಕಿಲುಬು ಕಟ್ಟಿತ್ತು.

ಹಾಲ್ ಸೆನ್ಸರ್ ಪರೀಕ್ಷೆ ಹೀಗೆ: ಪ್ಲಗ್ಗನ್ನು ಮತ್ತೆ ಜೋಡಿಸಿ, ಬ್ಯಾಟರಿ ಆನ್ ಮಾಡಿ, ಮೀಟರಿನ ಕಪ್ಪು ಕಡ್ಡಿಯನ್ನು ಕಂಟ್ರೋಲರ್ ಕಡೆಯ ಹಾಲ್ ನೆಗೆಟಿವ್ ತಂತಿಗೆ ಹಿಡಿಯಬೇಕು. ಕೆಂಪು ತಂತಿಯಲ್ಲಿ ಸುಮಾರು 5 ವೋಲ್ಟ್ ಬರಬೇಕು. ಆಮೇಲೆ ಚಕ್ರವನ್ನು ಕೈಯಲ್ಲಿ ನಿಧಾನ ಹಿಂದಕ್ಕೆ ತಿರುಗಿಸುತ್ತಾ ಮೂರೂ ಸಿಗ್ನಲ್ ತಂತಿ ನೋಡಬೇಕು. ಗೇರ್ ಮೋಟಾರಿನಲ್ಲಿ ಚಕ್ರ ಮುಂದಕ್ಕೆ ತಿರುಗಿಸಿದರೆ ಒಳಗಿನ ಕ್ಲಚ್ ಬಿಟ್ಟುಕೊಳ್ಳುತ್ತದೆ, ಮೋಟಾರು ತಿರುಗುವುದಿಲ್ಲ, ಅದಕ್ಕೇ ಹಿಂದಕ್ಕೆ. ಪ್ರತಿ ಸಿಗ್ನಲ್ಲೂ 0 ಮತ್ತು 5ರ ನಡುವೆ ಹಾರುತ್ತಿರಬೇಕು. ಹಳದಿ, ಹಸಿರು ಹಾರಿದವು. ನೀಲಿ 5ರಲ್ಲೇ ನಿಂತಿತ್ತು, ಕೇಬಲ್ಲಿನ ಸೀಳನ್ನು ಹಿಸುಕಿದಾಗ ಒಮ್ಮೊಮ್ಮೆ ಮಿಡಿದು ಮತ್ತೆ ನಿಲ್ಲುತ್ತಿತ್ತು. ತುಂಡಾದ ತಂತಿ ಅದೇ.

ಇನ್ನೆರಡು ಮಳೆ ಹೀಗೇ ಓಡಿಸಿದ್ದರೆ ಖರ್ಚು ಬೇರೆಯೇ ಆಗುತ್ತಿತ್ತು. ಅದೇ ಕೇಬಲ್ಲಿನಲ್ಲಿ 36 ವೋಲ್ಟಿನ ದಪ್ಪ ತಂತಿಯೂ 5 ವೋಲ್ಟಿನ ತೆಳು ತಂತಿಯೂ ಅಕ್ಕಪಕ್ಕ ಇವೆ. ಹೊದಿಕೆ ಸೀಳಿ ಅವೆರಡು ತಾಗಿದರೆ ಸೆನ್ಸರುಗಳೂ ಕಂಟ್ರೋಲರೂ ಒಂದೇ ಕ್ಷಣದಲ್ಲಿ ಸುಡುತ್ತವೆ. ಅದಕ್ಕಿಂತ ಕೆಟ್ಟದ್ದು, ಆಕ್ಸಲ್ ಸೀಳಿನಿಂದ ಪೂರ್ತಿ ಹೊರಬಂದು ಎಣ್ಣೆ ಡಬ್ಬಿ ಹೊತ್ತ ಸೈಕಲ್ ಹದಡಿ ರಸ್ತೆಯ ಬಸ್ಸುಗಳ ನಡುವೆ ಬೀಳಬಹುದಿತ್ತು.

ದುರಸ್ತಿ

ತಂತಿ ಮುರಿದದ್ದು ಆಕ್ಸಲಿನ ಬಾಯಲ್ಲೇ ಆದ್ದರಿಂದ ಹೊರಗಿನಿಂದ ಬೆಸೆಯುವ ಮಾತಿಲ್ಲ. ಹೊರಗೆ ಗಂಟು ಹಾಕಿ ಟೇಪ್ ಸುತ್ತಿದರೆ ಮುಂದಿನ ಮಳೆಗೆ ಮತ್ತೆ ಅದೇ ಕತೆ. ಮೋಟಾರಿನ ಪಕ್ಕದ ಮುಚ್ಚಳ ಬಿಚ್ಚಿ, ಹೊಸ ಕೇಬಲ್ ಆಕ್ಸಲಿನೊಳಗಿಂದ ತೂರಿಸಿ, ಒಂಬತ್ತೂ ತಂತಿ ಬಣ್ಣಕ್ಕೆ ಬಣ್ಣ ಬೆಸೆದು ಒಂದೊಂದಕ್ಕೂ ಶಾಖಕ್ಕೆ ಕುಗ್ಗುವ ಕೊಳವೆ ಹಾಕಲಾಯಿತು. ಮುಚ್ಚಳದ ಸ್ಕ್ರೂಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿ ಮಾಡಬೇಕು. ಒಂದೇ ಕಡೆಯಿಂದ ಬಿಗಿಸುತ್ತ ಹೋದರೆ ಮುಚ್ಚಳ ಓರೆಯಾಗಿ ಬೇರಿಂಗ್ ಕೂಗುತ್ತದೆ.

ಸೀಳನ್ನು ವರ್ನಿಯರಿನಲ್ಲಿ ಅಳೆದಾಗ ಬಲಗಡೆ 10.1, ಎಡಗಡೆ 10.6 ಮಿ.ಮೀ. ಉಕ್ಕಿನ ಫ್ರೇಮು, ಬಿರುಕಿಲ್ಲ. ಆದ್ದರಿಂದ ಉಬ್ಬಿದ ಅಂಚನ್ನು ಅರದಿಂದ ಸಮ ಮಾಡಿ ಎಡಗಡೆಗೆ ಟಾರ್ಕ್ ಆರ್ಮ್ ಹಾಕಲಾಯಿತು. ಅದು 6 ಮಿ.ಮೀ. ದಪ್ಪದ ಉಕ್ಕಿನ ಪಟ್ಟಿ. ಒಂದು ತುದಿಯ ತೂತು ಆಕ್ಸಲಿನ ಚಪ್ಪಟೆಗೆ ಸರಿಯಾಗಿ ಕೂರುತ್ತದೆ, ಇನ್ನೊಂದು ತುದಿ ಫ್ರೇಮಿನ ಕೊಳವೆಗೆ ಬಿಗಿಯುತ್ತದೆ. ತಿರುಚು ಬಲ ಸೀಳಿನ ಅಂಚಿಗೆ ಬೀಳದೆ ಉದ್ದನೆಯ ಪಟ್ಟಿಯ ಮೂಲಕ ಕೊಳವೆಗೆ ಹೋಗುತ್ತದೆ. ಫ್ರೇಮು ಅಲ್ಯೂಮಿನಿಯಮ್ಮಿನದಾಗಿ ಸೀಳು ಇಷ್ಟು ಅಗಲವಾಗಿದ್ದರೆ ನಮ್ಮ ತೀರ್ಮಾನ ಬೇರೆ ಇರುತ್ತಿತ್ತು: ಆ ಫ್ರೇಮು ಮತ್ತೆ ರಸ್ತೆಗೆ ಇಳಿಯಬಾರದು. ಅಲ್ಯೂಮಿನಿಯಂ ಬಾಗಿ ಎಚ್ಚರಿಸುವುದಿಲ್ಲ, ಒಮ್ಮೆಲೇ ಬಿರಿಯುತ್ತದೆ.

ಜೋಡಣೆಯ ಕ್ರಮ: ಚಕ್ರ ಸೀಳಿನ ತಳ ಮುಟ್ಟುವಂತೆ ಕೂರಿಸು, ಕೇಬಲಿನ ಬಾಯಿ ನೆಲದ ಕಡೆ, ಆಮೇಲೆ ಎಡಗಡೆ ಟಾರ್ಕ್ ಆರ್ಮ್, ಬಲಗಡೆ ನಾಲಿಗೆ ಸೀಳಿಗೆ ಇಳಿಯುವಂತೆ ವಾಷರ್, ಕೊನೆಗೆ ನಟ್ಟು. ಬಿಗಿ 40 ನ್ಯೂಟನ್-ಮೀಟರ್. ಟಾರ್ಕ್ ಪಾನಾ ಎಲ್ಲರ ಬಳಿ ಇರುವುದಿಲ್ಲ, ಆದರೆ ಕೊಕ್ಕೆ ತಕ್ಕಡಿ ಸಿಗುತ್ತದೆ. 18ರ ರಿಂಗ್ ಪಾನಾವನ್ನು ನಟ್ಟಿಗೆ ಹಾಕಿ, ನಟ್ಟಿನ ನಡುವಿನಿಂದ ಸರಿಯಾಗಿ 20 ಸೆಂ.ಮೀ. ದೂರದಲ್ಲಿ ತಕ್ಕಡಿಯ ಕೊಕ್ಕೆ ಸಿಕ್ಕಿಸಿ, ಪಾನಾಕ್ಕೆ ನೇರ ಅಡ್ಡಲಾಗಿ ಎಳೆಯಬೇಕು. ತಕ್ಕಡಿ 20 ಕಿಲೋ ತೋರಿಸಿದಾಗ ನಟ್ಟಿನ ಮೇಲೆ 39 ನ್ಯೂಟನ್-ಮೀಟರ್ ಬಿದ್ದಿರುತ್ತದೆ. ಓರೆಯಾಗಿ ಎಳೆದರೆ ಲೆಕ್ಕ ತಪ್ಪುತ್ತದೆ. ಬಿಗಿಸಿದ ಮೇಲೆ ನಟ್ಟಿನಿಂದ ಫ್ರೇಮಿನವರೆಗೆ ಉಗುರು ಬಣ್ಣದಲ್ಲಿ ಒಂದು ಗೀಟು. ಗೀಟು ಮುರಿದು ಎರಡಾಗಿ ಕಂಡರೆ ನಟ್ಟು ಜರುಗಿದೆ ಎಂದೇ ಅರ್ಥ, ಪಾನಾ ಹಿಡಿಯದೆಯೂ ತಿಳಿಯುತ್ತದೆ.

ಪ್ಲಗ್ಗಿನ ಕಿಲುಬನ್ನು ಕಾಂಟ್ಯಾಕ್ಟ್ ಕ್ಲೀನರ್ ಹಾಕಿ ಮೆತ್ತಗಿನ ಬ್ರಷ್ಷಿನಿಂದ ತೆಗೆಯಲಾಯಿತು. ಈ ಪ್ಲಗ್ಗಿನ ಎರಡೂ ತುಂಡಿನ ಮೇಲೆ ಬಾಣದ ಗುರುತಿರುತ್ತದೆ. ಬಾಣಕ್ಕೆ ಬಾಣ ಹೊಂದಿಸಿ ನೇರ ಒತ್ತಬೇಕು, ತಿರುಚಿದರೆ ಪಿನ್ನು ಬಾಗುತ್ತದೆ.

ಬಿಚ್ಚಿದಾಗ ಕಂಡ ಉಳಿದವು

ಚೈನಿನ ಕೀಲುಗಳಲ್ಲಿ ನುಣ್ಣನೆಯ ಮರಳು ಸಿಕ್ಕಿತು. ಮಂಡಕ್ಕಿ ಹುರಿಯುವುದು ಕಾದ ಮರಳಿನಲ್ಲಿ. ಭಟ್ಟಿಯ ಅಂಗಳದಲ್ಲಿ ನಿಲ್ಲುವ ಸೈಕಲ್ಲಿಗೆ ಅದು ಅಂಟದೆ ಇರದು. ಎಣ್ಣೆ ಜಾಸ್ತಿ ಸುರಿದ ಚೈನಿನ ಮೇಲೆ ಮರಳು ಕೂತರೆ ಅದು ಅರದ ಹಾಗೆ ಕೆಲಸ ಮಾಡುತ್ತದೆ. ಉಕ್ಕಿನ ಸ್ಕೇಲಿನಲ್ಲಿ ಒಂದು ಪಿನ್ನಿನ ನಡುವಿಗೆ ಸೊನ್ನೆ ಇಟ್ಟರೆ, ಅಲ್ಲಿಂದ ಮುಂದಿನ 24ನೇ ಪಿನ್ನಿನ ನಡು ಸರಿಯಾಗಿ 12 ಇಂಚಿಗೆ ಬರಬೇಕು. ಅರ್ಧ ನೂಲು, ಅಂದರೆ ಇಂಚಿನ ಹದಿನಾರನೇ ಒಂದು ಭಾಗ ಮೀರಿದರೆ ಚೈನ್ ಬದಲಿಸುವ ಹೊತ್ತು. ಇಲ್ಲಿ ಅದರ ಎರಡರಷ್ಟು ಮೀರಿತ್ತು, ಹಾಗಾಗಿ ಫ್ರೀವೀಲೂ ಹೋಯಿತು. ಮೋಟಾರು ಜೊತೆಗೆ ಎಳೆಯುವುದರಿಂದ ಚೈನ್ ಹಾರುವುದು ತುಳಿಯುವವರಿಗೆ ತಡವಾಗಿ ಗೊತ್ತಾಗುತ್ತದೆ. ಈಗ ವಾರಕ್ಕೊಮ್ಮೆ ಒಣಬಟ್ಟೆಯಲ್ಲಿ ಒರೆಸಿ, ಕೀಲಿಗೊಂದೇ ಹನಿ ಹಾಕಿ, ಹತ್ತು ನಿಮಿಷ ಬಿಟ್ಟು ಹೊರಮೈಯ ಎಣ್ಣೆ ಒರೆಸಿಬಿಡಬೇಕು ಎಂದು ಹೇಳಿದ್ದೇವೆ.

ಹಿಂದಿನ ಬ್ರೇಕ್ ಪ್ಯಾಡಿನಲ್ಲಿ ಉಜ್ಜುವ ಪದರ ಅರ್ಧ ಮಿ.ಮೀ. ಉಳಿದಿತ್ತು, 1 ಮಿ.ಮೀ.ಗೆ ಇಳಿದಾಗಲೇ ಬದಲಿಸಬೇಕಿತ್ತು. ಸಾಲದ್ದಕ್ಕೆ ಪ್ಯಾಡ್ ಎಣ್ಣೆ ಕುಡಿದಿತ್ತು. ಕ್ಯಾರಿಯರ್ ಮೇಲಿನ ಡಬ್ಬಿಯ ಮುಚ್ಚಳದಿಂದ ತೊಟ್ಟಿಕ್ಕಿದ ಎಣ್ಣೆ ಡಿಸ್ಕಿಗೆ ಇಳಿದಿದೆ. ಎಣ್ಣೆ ಕುಡಿದ ಪ್ಯಾಡನ್ನು ತಿಕ್ಕಿ, ಸುಟ್ಟು ಉಳಿಸಿಕೊಳ್ಳುವ ಪ್ರಯತ್ನ ಬೇಡ, ಎಸೆಯಬೇಕು. ಡಿಸ್ಕನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಸ್ವಚ್ಛ ಬಟ್ಟೆಯಿಂದ ಒರೆಸಿ, ದಪ್ಪ ಅಳೆದೆವು: 1.7 ಮಿ.ಮೀ. ಸಾಮಾನ್ಯ ಮಿತಿ 1.5, ಹಾಗಾಗಿ ಉಳಿಯಿತು. ಡಬ್ಬಿ ತರುವ ದಿನ ಕ್ಯಾರಿಯರ್ ಕೆಳಗೆ ಒಂದು ರೆಕ್ಸಿನ್ ತುಂಡು ಕಟ್ಟಿದರೆ ಈ ತೊಂದರೆಯೇ ಇಲ್ಲ.

ಗಾಳಿ 22 ಪಿ.ಎಸ್.ಐ. ಇತ್ತು. ಭಾರ ಹೊರುವ ಹಿಂದಿನ ಚಕ್ರಕ್ಕೆ 50, ಮುಂದಕ್ಕೆ 40–45 ಬೇಕು, ಟೈರಿನ ಮೈಮೇಲೆ ಬರೆದ ಮಿತಿ ಮೀರದಂತೆ. ಗಾಳಿ ಕಡಿಮೆಯಿದ್ದರೆ ಹಂಪಿನ ಹೊಡೆತಕ್ಕೆ ರಿಮ್ಮು ಟ್ಯೂಬನ್ನು ಕಚ್ಚಿ ಅಕ್ಕಪಕ್ಕ ಎರಡು ತೂತು ಬೀಳುತ್ತವೆ, ಬ್ಯಾಟರಿಯೂ ಬೇಗ ಇಳಿಯುತ್ತದೆ.

ಚಾರ್ಜಿಂಗ್ ವಿಚಾರದಲ್ಲಿ ಒಂದೇ ಅಭ್ಯಾಸ ನಮ್ಮನ್ನು ಚಿಂತೆಗೀಡು ಮಾಡಿತು. ಮಧ್ಯಾಹ್ನದ ಬಿಸಿಲಿನಲ್ಲಿ ಮಾರ್ಕೆಟ್ಟಿನಿಂದ ಬಂದ ಕೂಡಲೇ ತಗಡಿನ ಮಾಡಿನ ಕೋಣೆಯಲ್ಲಿ ಚಾರ್ಜಿಗೆ ಹಾಕುತ್ತಿದ್ದರು. ಲಿಥಿಯಂ ಬ್ಯಾಟರಿಯನ್ನು 45 ಡಿಗ್ರಿ ಸೆಲ್ಸಿಯಸ್ ಮೀರಿದಾಗ ಚಾರ್ಜ್ ಮಾಡಬಾರದು; ದಾವಣಗೆರೆಯ ಬೇಸಗೆಯಲ್ಲಿ ತಗಡಿನ ಕೆಳಗೆ ಆ ಅಂಕಿ ದೂರವೇನಿಲ್ಲ. ಮೈ ಮುಟ್ಟಿದರೆ ಬೆಚ್ಚಗಿದ್ದರೆ ಮುಕ್ಕಾಲು ಗಂಟೆ ನೆರಳಿನಲ್ಲಿ ಬಿಡಬೇಕು. ಚಾರ್ಜರಿನ ತುದಿಯಲ್ಲಿ 42 ವೋಲ್ಟ್ ಬರಬೇಕು. 48 ವೋಲ್ಟಿನ ಸೈಕಲ್ಲಿನ ಚಾರ್ಜರ್ 54.6 ಕೊಡುತ್ತದೆ, ಪ್ಲಗ್ ಮಾತ್ರ ಒಂದೇ ತರಹ ಇರುತ್ತದೆ. ಪಕ್ಕದ ಮನೆಯ ಚಾರ್ಜರ್ ತಂದು ಸಿಕ್ಕಿಸುವುದು ಬೆಂಕಿಗೆ ಕರೆ ಕೊಟ್ಟಂತೆ.

ಇನ್ನು ಮುಂದೆ

ಇಂಥ ಕಡಿಮೆ ಸಾಮರ್ಥ್ಯದ, ಗಂಟೆಗೆ 25 ಕಿ.ಮೀ. ವೇಗ ಮೀರದ ಸೈಕಲ್ಲಿಗೆ ಆರ್‌ಟಿಓ ನೋಂದಣಿ ಬೇಕಿಲ್ಲ. ಅಂದರೆ ಇದನ್ನು ವರ್ಷಕ್ಕೊಮ್ಮೆ ಯಾರೂ ತಡೆದು ಪರೀಕ್ಷಿಸುವುದಿಲ್ಲ. ತುಳಿಯುವವರ ಕಣ್ಣೇ ಕೊನೆಯ ಪರೀಕ್ಷೆ. ಆದ್ದರಿಂದ ಇವರಿಗೆ ಕೊಟ್ಟ ಕ್ರಮ ಚಿಕ್ಕದು. ದಿನಾ ಹೊರಡುವ ಮುಂಚೆ ಟೈರು ಹಿಸುಕಿ ನೋಡುವುದು, ಎರಡೂ ಬ್ರೇಕ್ ಹಿಡಿದು ಸೈಕಲ್ ಹಿಂದೆ ಮುಂದೆ ನೂಕುವುದು, ಬ್ಯಾಟರಿಯನ್ನು ಕೈಯಲ್ಲಿ ಎಳೆದು ಬೀಗ ಪರೀಕ್ಷಿಸುವುದು. ಸೋಮವಾರ ಹತ್ತು ನಿಮಿಷ: ಉಗುರು ಬಣ್ಣದ ಗೀಟು, ಕೇಬಲಿನ ಬಳುಕು, ಗಾಳಿ, ಚೈನು. ಜೊತೆಗೆ ಹಿಂದಿನ ಚಕ್ರ ಎತ್ತಿ ಪೆಡಲ್ ಕೈಯಲ್ಲಿ ತಿರುಗಿಸಿ ಮೋಟಾರು ಓಡುತ್ತಿರುವಾಗಲೇ ಎರಡೂ ಬ್ರೇಕ್ ಹಿಡಿಗಳನ್ನು ಒಂದೊಂದಾಗಿ ಮೆಲ್ಲಗೆ ಎಳೆಯುವುದು. ಪ್ಯಾಡ್ ಡಿಸ್ಕಿಗೆ ತಾಗುವ ಮುಂಚೆಯೇ ಮೋಟಾರು ನಿಲ್ಲಬೇಕು. ಕೇಬಲ್ ಸಡಿಲವಾಗಿದ್ದರೆ ಅಥವಾ ಸ್ವಿಚ್ ಕೆಟ್ಟಿದ್ದರೆ ಮೋಟಾರು ಬ್ರೇಕಿನ ವಿರುದ್ಧ ತಳ್ಳುತ್ತಲೇ ಇರುತ್ತದೆ, ಮಳೆಯ ರಸ್ತೆಯಲ್ಲಿ ಅದು ಅಪಾಯ.

ಪಂಕ್ಚರಿಗೆ ಬೇರೆಯೇ ಸೂಚನೆ: ಚಕ್ರ ಬಿಚ್ಚಲೇಬೇಡಿ. ಪ್ಯಾಚ್ ಹಾಕುವುದಕ್ಕೆ ಅದು ಬೇಕಿಲ್ಲ. ಬ್ಯಾಟರಿ ತೆಗೆದಿಟ್ಟು, ಸೈಕಲ್ಲನ್ನು ಚೈನ್ ಬದಿ ಮೇಲೆ ಬರುವ ಹಾಗೆ ಮಲಗಿಸದೆ ಸ್ಟ್ಯಾಂಡ್ ಮೇಲೇ ನಿಲ್ಲಿಸಿ, ಟೈರಿನ ಒಂದು ಬದಿಯ ಅಂಚನ್ನು ಮಾತ್ರ ಲಿವರಿನಿಂದ ರಿಮ್ಮಿನ ಹೊರಗೆ ತೆಗೆದು, ಟ್ಯೂಬನ್ನು ತೂತಿರುವ ಕಡೆ ಹೊರಗೆಳೆದರೆ ಸಾಕು. ಮುಳ್ಳಿನ ತುದಿ ಟೈರಿನೊಳಗೆ ಉಳಿದಿರುತ್ತದೆ. ಬೆರಳಲ್ಲ, ಬಟ್ಟೆಯ ಉಂಡೆ ಒಳಗೆ ಸವರಿ ಅದನ್ನು ಹುಡುಕಬೇಕು. ಟ್ಯೂಬೇ ಬದಲಿಸಬೇಕಾಗಿ ಬಂದು ಚಕ್ರ ಬಿಚ್ಚಿದರೆ, ಬಿಚ್ಚುವ ಮುಂಚೆ ಎರಡೂ ಬದಿಯ ವಾಷರಿನ ಫೋಟೊ ಮೊಬೈಲಿನಲ್ಲಿ ತೆಗೆದುಕೊಳ್ಳಬೇಕು, ಜೋಡಿಸಿದ ಮೇಲೆ ಅದರೊಂದಿಗೆ ಹೋಲಿಸಬೇಕು, ಹೊಸ ಗೀಟು ಎಳೆಯಬೇಕು.

ದುರಸ್ತಿಯಾಗಿ 50 ಕಿ.ಮೀ. ಓಡಿದ ಮೇಲೆ ಕರೆಸಿ ನೋಡಿದಾಗ ಬಲಗಡೆಯ ಗೀಟು ಮುರಿದಿರಲಿಲ್ಲ, ಆದರೂ ತಕ್ಕಡಿ ಹಾಕಿ ಎಳೆದರೆ 20 ಕಿಲೋ ಮುಟ್ಟುವ ಮುಂಚೆಯೇ ನಟ್ಟು ಸ್ವಲ್ಪ ತಿರುಗಿತು. ವಾಷರಿನ ಅಡಿಯ ಬಣ್ಣದ ಪದರ ಒತ್ತಿಕೊಂಡು ಬಿಗಿ ಕಡಿಮೆಯಾಗಿತ್ತು. ಚಕ್ರ ಬಿಚ್ಚಿ ಹಾಕಿದ ಮೊದಲ ವಾರದಲ್ಲಿ ಹೀಗಾಗುವುದು ಸಹಜ. ಮತ್ತೆ ಬಿಗಿಸಿ ಹೊಸ ಗೀಟು ಎಳೆದೆವು. 500 ಕಿ.ಮೀ.ಗೆ ನೋಡಿದಾಗ ತಕ್ಕಡಿ 20 ಕಿಲೋ ತೋರಿಸಿದರೂ ನಟ್ಟು ಅಲುಗಲಿಲ್ಲ. ನಡುವೆ ಇನ್ನೊಂದು ಜಾಲಿ ಮುಳ್ಳು ಚುಚ್ಚಿತ್ತಂತೆ. ಚಕ್ರ ಬಿಚ್ಚದೆಯೇ ಪ್ಯಾಚ್ ಹಾಕಿಸಿಕೊಂಡಿದ್ದರು, ಗೀಟು ಎಳೆದ ಹಾಗೇ ಇತ್ತು.